ಹೊಸಿಲು ದಾಟಿದರೆ ಹಕ್ಕು ಹೋಗುತ್ತದೆಯೇ?

“ಗಂಡ ಹೊಡೆಯುತ್ತಾನೆ. ಆದರೆ ನಾನಾಗಿ ಹೊಸಿಲು ದಾಟಿದರೆ ಮನೆ ಮೇಲಿನ ಹಕ್ಕು ಹೋಗುತ್ತದಂತೆ. ನಿಜವೇ ಮೇಡಂ?”

ಇಲ್ಲ. ಎಷ್ಟು ಸಲ ಬರೆದಿದ್ದೇನೋ, ಇನ್ನೊಮ್ಮೆ ಬರೆಯುತ್ತೇನೆ. ಈ ಒಂದು ‘ಅಂತೆ’ಗೆ ಹೆದರಿ ಏಟು ತಿನ್ನುತ್ತಲೇ ಉಳಿದವರನ್ನು ಕಂಡು ಸಾಕಾಗಿದೆ.

2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 17ನೇ ಕಲಂ ಓದಿ. ಮನೆ ಯಾರ ಹೆಸರಿನಲ್ಲೇ ಇರಲಿ, ನೀವು ಸಂಸಾರ ಮಾಡಿದ ಮನೆಯಲ್ಲಿ ವಾಸಿಸುವ ಹಕ್ಕು ನಿಮಗಿದೆ; ಕಾನೂನಿನ ಕ್ರಮವಿಲ್ಲದೆ ಹೊರಹಾಕುವಂತಿಲ್ಲ. “ಖಾತೆ ಮಾವನ ಹೆಸರಿನಲ್ಲಿದೆ” ಎನ್ನುತ್ತಾರೆ. ಇದ್ದರೇನು? ಅಂಥ ಮನೆಗೂ ಈ ಹಕ್ಕು ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ. “ಈಗ ತವರಿನಲ್ಲಿದ್ದಾಳಲ್ಲ” ಎನ್ನುವವರಿಗೆ 2022ರ ತೀರ್ಪಿದೆ: ಅರ್ಜಿ ಹಾಕುವ ಹೊತ್ತಿಗೆ ಆಕೆ ಆ ಮನೆಯಲ್ಲೇ ಇರಬೇಕೆಂದಿಲ್ಲ. ಇನ್ನು ‘ಗಂಡನನ್ನು ತೊರೆದವಳು’ ಎಂಬ ಬೆದರಿಕೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಅದು ವಿಚ್ಛೇದನಕ್ಕೆ ಕಾರಣವಾಗಬೇಕಾದರೆ ಎರಡು ವರ್ಷ ದೂರವಿರಬೇಕು, ಅದೂ ಸಕಾರಣವಿಲ್ಲದೆ. ಜೀವಭಯಕ್ಕಿಂತ ದೊಡ್ಡ ಕಾರಣ ಬೇಕೇ?

ಸದ್ಯಕ್ಕೆ ಅಲ್ಲೇ ಇರಬೇಕಾಗಿದ್ದರೆ, ಜಗಳ ಏರುವಾಗ ಅಡುಗೆಮನೆಗೆ ಹೋಗಬೇಡಿ. ಈಳಿಗೆ, ಒಲೆ, ಬಿಸಿನೀರು ಎಲ್ಲ ಅಲ್ಲೇ ಇರುತ್ತವೆ. ಬಚ್ಚಲೂ ಬೇಡ, ಅಲ್ಲಿಂದ ಹೊರಗೆ ದಾರಿಯಿಲ್ಲ. ಬೀದಿ ಬಾಗಿಲಿನ ಹತ್ತಿರವಿರಿ. ಆಧಾರ್, ಪಾಸ್‌ಬುಕ್, ಮಕ್ಕಳ ಜನನ ಪ್ರಮಾಣಪತ್ರಗಳ ನಕಲು ನಂಬಿಕಸ್ಥರ ಮನೆಯಲ್ಲಿರಲಿ. ಫೋನನ್ನು ಆತ ನೋಡುತ್ತಾನಾದರೆ ಮಹಿಳಾ ಸಹಾಯವಾಣಿ 181ಕ್ಕೆ ಬೇರೆಯವರ ಫೋನಿನಿಂದ ಕರೆ ಮಾಡಿ. ಪ್ರಾಣಕ್ಕೆ ಬಂದಾಗ ತುರ್ತು ಸಂಖ್ಯೆ 112. ಆಸ್ಪತ್ರೆಯಲ್ಲಿ “ಮೆಟ್ಟಿಲಿಂದ ಬಿದ್ದೆ” ಅನ್ನಬೇಡಿ, ಡಾಕ್ಟರ್ ಬರೆಯುವುದೇ ನಾಳೆ ಸಾಕ್ಷಿ. ಮತ್ತು ದಯವಿಟ್ಟು, “ಬಿಟ್ಟು ಹೋಗ್ತೀನಿ” ಎಂದು ಮೊದಲೇ ಆತನಿಗೆ ಹೇಳಬೇಡಿ. ಹೊರಡುವ ಹೊತ್ತೇ ಎಲ್ಲಕ್ಕಿಂತ ಅಪಾಯದ್ದು.

ವಕೀಲರ ಖರ್ಚಿನ ಚಿಂತೆ ಬೇಡ. ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರು ಉಚಿತ.

ಯಾರೂ ಕೇಳದ ಒಂದು ಮಾತು, ಗೋಡೆಯಾಚೆ ಕುಳಿತು ಕಿರುಚಾಟ ಕೇಳಿಸಿಕೊಳ್ಳುವವರಿಗೆ. “ಗಂಡ ಹೆಂಡಿರ ಜಗಳ, ನಮಗೇಕೆ” ಎಂದು ಟಿವಿ ಸದ್ದು ಏರಿಸುತ್ತೀರಲ್ಲ. ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 4ನೇ ಕಲಂ ಪ್ರಕಾರ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ನಮ್ಮ ತಾಲೂಕುಗಳಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಅವರೇ ಆ ಅಧಿಕಾರಿ. ಸದುದ್ದೇಶದಿಂದ ಹೇಳಿದವರ ಮೇಲೆ ಕೇಸು ಬೀಳುವುದಿಲ್ಲ. ಮೊದಲು ಆಕೆ ಒಬ್ಬಳೇ ಸಿಕ್ಕಾಗ ಮೆಲ್ಲಗೆ ಕೇಳಿ: “ಏನು ಮಾಡಲಮ್ಮಾ?”