ಎಲೆಯೇ ಕುಂಡವಾಗುವ ಜರಿಗಿಡ

ಪ್ಲಾಟಿಸೀರಿಯಂ ಎಂಬ ಜರಿಗಿಡವನ್ನು ಹಲಗೆಗೆ ಕಟ್ಟಿ ಬೆಳೆಸಲು ಹೊರಟವರ ಕೈ ಮೊದಲು ಹೋಗುವುದು ಅದರ ಬುಡದಲ್ಲಿ ಒಣಗಿ ಕಂದಾಗಿರುವ ಎಲೆಗಳ ಕಡೆಗೆ. ಸತ್ತ ಎಲೆಯನ್ನು ಕಿತ್ತು ಗಿಡವನ್ನು ಚೊಕ್ಕಟವಾಗಿಡುವುದು ತೋಟದ ಕೆಲಸದಲ್ಲಿ ರೂಢಿಯಾದರೂ, ಈ ಗಿಡದ ಮಟ್ಟಿಗೆ ಅದು ಕುಂಡವನ್ನೇ ಒಡೆದುಹಾಕಿದಂತೆ. ನಾನು ಬೆಳೆಸಿದ ಮೊದಲ ಗಿಡ ಹೀಗೆಯೇ ಸೊರಗಿತು.

ಈ ಕುಲದ ಸುಮಾರು 18 ಪ್ರಭೇದಗಳೂ ಎರಡು ಬಗೆಯ ಎಲೆಗಳನ್ನು ಬಿಡುತ್ತವೆ. ಕಡವೆಯ ಕೊಂಬಿನಂತೆ ಕವಲೊಡೆದು ಮುಂದಕ್ಕೆ ಚಾಚುವ ಎಲೆಗಳು, ಜರಿಗಳಲ್ಲಿ ಬೀಜದ ಕೆಲಸ ಮಾಡುವ ಧೂಳಿನಂಥ ಕಣಗಳಾದ ಬೀಜಕಗಳನ್ನು ಹೊರುತ್ತವೆ. ಬುಡದಲ್ಲಿ ತಟ್ಟೆಯಂತೆ ಹಬ್ಬಿ ಮರದ ತೊಗಟೆಯನ್ನು ಅಪ್ಪಿಕೊಳ್ಳುವ ಗುರಾಣಿ ಎಲೆಗಳು ಹಸಿರಾಗಿ ಹುಟ್ಟಿ, ಬರಬರುತ್ತ ಕಂದುಬಣ್ಣಕ್ಕೆ ತಿರುಗಿದರೂ ಉದುರುವುದಿಲ್ಲ. ಹಳೆಯದರ ಮೇಲೆ ಹೊಸದು ಪದರ ಪದರವಾಗಿ ಕೂಡುತ್ತ ಹೋಗಿ, ಮಳೆನೀರನ್ನು ಹೀರಿಕೊಳ್ಳುವ ದಪ್ಪ ಮೆತ್ತೆಯೊಂದು ರೂಪುಗೊಳ್ಳುತ್ತದೆ; ಮೇಲಿನಿಂದ ಉದುರುವ ತರಗೆಲೆ, ಧೂಳುಗಳು ಅದರ ಹಿಂದೆ ಸೇರಿ ಕೊಳೆತು ಗೊಬ್ಬರವಾಗುತ್ತವೆ. ಬೇರುಗಳು ಹರಡಿರುವುದು ಈ ಪದರಗಳ ನಡುವೆಯೇ. ಬಂದಳಿಕೆಯಂತೆ ಇದು ಆಸರೆ ಕೊಟ್ಟ ಮರದ ರಸವನ್ನು ಹೀರುವುದಿಲ್ಲ. ಮರದಿಂದ ಅದಕ್ಕೆ ಬೇಕಾದದ್ದು ನೆಲೆಯೊಂದೇ ಆದ್ದರಿಂದ, ಮರದ ಬದಲು ಹಲಗೆ ಕೊಟ್ಟರೂ ಅದು ಬಾಳುತ್ತದೆ.

ಹಲಗೆಗೆ ಕಟ್ಟುವ ಕ್ರಮ ಸರಳವಾದದ್ದು. ನೀರಿನಲ್ಲಿ ನೆನೆಸಿ ಹಿಂಡಿದ ಸ್ಫಾಗ್ನಂ ಪಾಚಿಯನ್ನು ಹಲಗೆಯ ಮೇಲೆ ಹಿಡಿಯಷ್ಟು ಹರಡಿ, ಬೇರಿನ ಭಾಗವನ್ನು ಅದರ ಮೇಲೆ ಕೂರಿಸಿ, ಗುರಾಣಿ ಎಲೆಗಳ ಅಂಚಿನ ಮೇಲೆ ಹಾಯುವಂತೆ ನೈಲಾನ್ ದಾರದಿಂದ ಬಿಗಿಯಬೇಕು. ಎಲೆಗಳು ಹುಟ್ಟುವ ನಡುವಿನ ಮೊಗ್ಗು ದಾರಕ್ಕಾಗಲಿ ಪಾಚಿಗಾಗಲಿ ಸಿಕ್ಕದೆ ತೆರೆದಿರಬೇಕು. ಅದು ಮುಚ್ಚಿಹೋದರೆ ಕೊಳೆಯುತ್ತದೆ. ತಾಮ್ರ ಜರಿಗಿಡಗಳಿಗೆ ಹಾನಿ ಮಾಡುವುದರಿಂದ ತಾಮ್ರದ ತಂತಿಯನ್ನೂ, ಗೆದ್ದಲು ಹಿಡಿಯದಂತೆ ರಾಸಾಯನಿಕ ಬಳಿದ ಮರವನ್ನೂ ದೂರವಿಡುವುದು ಕ್ಷೇಮ. ಹಿಂದೆ ಮರಜರಿಗಳ ಕಾಂಡವನ್ನೇ ಸೀಳಿ ಹಲಗೆ ಮಾಡುವುದಿತ್ತು. ಅತಿಯಾದ ಕಟಾವಿನಿಂದಾಗಿ ಸಯಾಥಿಯಾ ಕುಲದ ಮರಜರಿಗಳು ಇಂದು, ಕಾಡಿನ ಗಿಡ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿವೆ. ನಿಧಾನವಾಗಿ ಬೆಳೆಯುವ ಒಂದು ಜರಿಯನ್ನು ಕಡಿದು ಇನ್ನೊಂದಕ್ಕೆ ಆಸರೆ ಮಾಡುವುದು ನನಗೆ ಸರಿಯೆನಿಸುವುದಿಲ್ಲ. ತೆಂಗಿನ ನಾರಿನ ಹಲಗೆಯೂ ಅದೇ ಕೆಲಸವನ್ನು ಮಾಡುತ್ತದೆ.

ತೂಗುಬುಟ್ಟಿಗೆ ಹೊಂದುವ ಜರಿಗಳು ಬೇರೆ. ಬಾಸ್ಟನ್ ಜರಿ ಅವುಗಳಲ್ಲಿ ಹೆಸರಾದದ್ದು. 1894ರಲ್ಲಿ ಫಿಲಡೆಲ್ಫಿಯಾದಿಂದ ಬಾಸ್ಟನ್‌ಗೆ ಕಳುಹಿಸಿದ ನೆಫ್ರೊಲೆಪಿಸ್ ಎಂಬ ಕುಲದ ಜರಿಗಿಡಗಳ ನಡುವೆ, ಎಲೆಗಳು ನೆಟ್ಟಗೆ ನಿಲ್ಲದೆ ಬಾಗಿ ಇಳಿಬಿದ್ದಿದ್ದ ಈ ತಳಿ ಕಣ್ಣಿಗೆ ಬಿತ್ತು. ದವಾಲಿಯಾ ಜರಿಯ ಗುಪ್ತಕಾಂಡವಂತೂ ಮೊಲದ ಪಾದದಂತೆ ರೋಮ ತುಂಬಿಕೊಂಡು ಬುಟ್ಟಿಯ ಅಂಚು ದಾಟಿ ಹೊರಗೆ ತೆವಳುತ್ತದೆ. ಅದನ್ನು ಮಣ್ಣಿನಲ್ಲಿ ಹೂಳದೆ ಮೇಲೆಯೇ ಬಿಡಬೇಕು. ಬುಟ್ಟಿಗೆ ಸಾದಾ ಮಣ್ಣು ತುಂಬಿದರೆ ಅದು ಗಟ್ಟಿಯಾಗಿ ಬೇರಿಗೆ ಗಾಳಿ ತಪ್ಪುತ್ತದೆ. ನಾರು, ಎಲೆಗೊಬ್ಬರ, ಇದ್ದಿಲಿನ ಚೂರುಗಳ ಹಗುರ ಮಿಶ್ರಣ ಒಳ್ಳೆಯದು. ಸುತ್ತಲೂ ಗಾಳಿಯಾಡುವುದರಿಂದ ಬುಟ್ಟಿ ನೆಲದ ಕುಂಡಕ್ಕಿಂತ ಬೇಗ ಒಣಗುತ್ತದೆ. ನೀರುಂಡ ಬುಟ್ಟಿಯ ಭಾರ ಕೈಗೆ ಒಮ್ಮೆ ಪರಿಚಯವಾದರೆ, ಎತ್ತಿ ನೋಡಿದೊಡನೆ ನೀರಿನ ಹೊತ್ತು ತಿಳಿಯುತ್ತದೆ. ಪೂರ್ತಿ ಒಣಗಿದ ಬುಟ್ಟಿಗೆ ಮೇಲಿನಿಂದ ಸುರಿದ ನೀರು ಅಂಚಿನಲ್ಲೇ ಜಾರಿಹೋಗುವುದರಿಂದ, ಅದನ್ನು ಬಕೆಟ್ಟಿನಲ್ಲಿ ಮುಳುಗಿಸಿ, ಗುಳ್ಳೆ ಏಳುವುದು ನಿಂತ ಮೇಲೆ ಎತ್ತಬೇಕು. ಬೆಳಕು ಧಾರಾಳವಾಗಿರಲಿ, ಆದರೆ ಸುಡುಬಿಸಿಲು ಬೇಡ.

ಎಲೆಯ ಅಡಿಯಲ್ಲಿ ಸಾಲಾಗಿ ಮೂಡುವ ಕಂದು ಚುಕ್ಕೆಗಳನ್ನು ಹಲವರು ರೋಗವೆಂದು ಬಗೆದು ಔಷಧಿ ಸಿಂಪಡಿಸುತ್ತಾರೆ. ಭೂತಗನ್ನಡಿ ಹಿಡಿದು ನೋಡಿದರೆ ಅಲ್ಲಿ ಕಾಣುವುದು ಬೀಜಕಗಳ ಪುಟ್ಟ ಚೀಲಗಳ ಗೊಂಚಲು. ಒಂದೊಂದು ಚೀಲದ ಬೆನ್ನಿಗೂ ದಪ್ಪ ಗೋಡೆಯ ಜೀವಕೋಶಗಳ ಪಟ್ಟಿಯಿದೆ. ಗಾಳಿ ಒಣಗಿದಂತೆ ಆ ಕೋಶಗಳ ನೀರು ಆರಿ, ಪಟ್ಟಿ ಬಿಲ್ಲಿನಂತೆ ಹಿಂದಕ್ಕೆ ಬಾಗುತ್ತ ಚೀಲವನ್ನು ಸೀಳುತ್ತದೆ. ಎಳೆತ ಮಿತಿ ಮೀರಿದಾಗ ಉಳಿದ ನೀರಿನಲ್ಲಿ ಗುಳ್ಳೆಗಳು ಮೂಡಿ ಪಟ್ಟಿ ಥಟ್ಟನೆ ಮುಂದಕ್ಕೆ ಚಿಮ್ಮಿ, ಬೀಜಕಗಳನ್ನು ಕವಣೆ ಕಲ್ಲಿನಂತೆ ಎಸೆಯುತ್ತದೆ. ಮಸೂರದಡಿಯಲ್ಲಿ ಈ ಚಿಮ್ಮುವಿಕೆಯನ್ನು ನೋಡುತ್ತ ಕುಳಿತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಹಲಗೆಯ ಮೇಲಿನ ಪ್ಲಾಟಿಸೀರಿಯಂ ಕೆಲವು ವರ್ಷಗಳಲ್ಲಿ ಅಂಚನ್ನು ಮುಟ್ಟುತ್ತದೆ. ಆಗಲೂ ಅದನ್ನು ಕಿತ್ತು ಬೇರೆಡೆ ಕಟ್ಟುವುದು ಬೇಡ. ಹಳೆಯ ಹಲಗೆಯನ್ನು ಗಿಡದ ಸಮೇತ ದೊಡ್ಡ ಹಲಗೆಯೊಂದಕ್ಕೆ ತಿರುಪು ಹಾಕಿ ಕೂರಿಸಿದರೆ ಸಾಕು. ಮುಂದೆ ಹುಟ್ಟುವ ಗುರಾಣಿ ಎಲೆಗಳು ಹಳೆಯ ಅಂಚನ್ನು ದಾಟಿ ಹಬ್ಬಿ, ಎರಡು ಹಲಗೆಗಳ ನಡುವಿನ ಸಂದನ್ನು ಮುಚ್ಚಿಬಿಡುತ್ತವೆ.