ಸಂಶೋಧನೆಗೆ ಅಂಕ ಕೊಡುವ ಅಭ್ಯಾಸ ಎಲ್ಲಿಂದ ಬಂತು?

ಕಲಬುರಗಿಯಿಂದ ಶಹಾಬಾದ್ ಕಡೆ ಹೋದರೆ ಮರತೂರು ಸಿಗುತ್ತದೆ. ಕಲ್ಯಾಣದ ದೊರೆ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರ ಬರೆದ ವಿಜ್ಞಾನೇಶ್ವರ ಈ ಊರಿನವನು ಎಂದು ನಮ್ಮ ಭಾಗದವರು ಹೆಮ್ಮೆಯಿಂದ ಹೇಳುತ್ತಾರೆ. ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವಿವರಣೆ ಅದು. 1810ರಲ್ಲಿ ಕೋಲ್‌ಬ್ರೂಕ್ ಅದರಲ್ಲಿನ ಆಸ್ತಿ ಹಂಚಿಕೆಯ ಭಾಗವನ್ನು ಇಂಗ್ಲಿಷಿಗೆ ತಂದ. ಆಮೇಲೆ ಬಂಗಾಳದ ಕಡೆ ಬಿಟ್ಟು ದೇಶದ ಬಹುಪಾಲು ಜಾಗಗಳಲ್ಲಿ, ಹಿಂದೂ ಕುಟುಂಬದ ಆಸ್ತಿ ವ್ಯಾಜ್ಯ ಬಂದಾಗೆಲ್ಲ ನ್ಯಾಯಾಧೀಶರು ಮಿತಾಕ್ಷರ ಏನು ಹೇಳುತ್ತದೆ ಎಂದು ನೋಡಿದರು. ಒಂದು ತೀರ್ಪು ಅದನ್ನು ಉಲ್ಲೇಖಿಸಿತು. ಆ ತೀರ್ಪನ್ನು ಇನ್ನೊಂದು ಉಲ್ಲೇಖಿಸಿತು. ವಕೀಲರ ಕೆಲಸ ನಡೆಯುವುದೇ ಹೀಗೆ, ಹಳೆಯ ಮಾತಿನ ಜಾಡು ಹಿಡಿದು.

ಇವತ್ತು ಪ್ರಾಧ್ಯಾಪಕರ ಬಡ್ತಿ, ವಿಶ್ವವಿದ್ಯಾಲಯಗಳ ರ್‍ಯಾಂಕು ನಿಂತಿರುವ, ಒಂದು ಲೇಖನ ಎಷ್ಟು ಸಲ ಉಲ್ಲೇಖವಾಯಿತು ಎಂಬ ಲೆಕ್ಕಾಚಾರ ಹುಟ್ಟಿದ್ದೂ ವಕೀಲರ ಈ ಅಭ್ಯಾಸದಿಂದಲೇ.

ಅಮೆರಿಕದಲ್ಲಿ ಫ್ರ್ಯಾಂಕ್ ಶೆಪರ್ಡ್ ಎಂಬಾತ 1873ರಲ್ಲಿ ಒಂದು ಉಪಾಯ ಮಾಡಿದ. ಯಾವ ತೀರ್ಪನ್ನು ಆಮೇಲೆ ಯಾವ ಕೋರ್ಟು ಎತ್ತಿಹಿಡಿಯಿತು, ಯಾವುದು ತಳ್ಳಿಹಾಕಿತು ಎಂದು ಗೋಂದು ಹಚ್ಚಿದ ಚೀಟಿಗಳಲ್ಲಿ ಅಚ್ಚು ಹಾಕಿಸಿದ. ವಕೀಲರು ಅವನ್ನು ತಮ್ಮ ಪುಸ್ತಕಗಳಿಗೆ ಅಂಟಿಸಿಕೊಂಡರು. ಸುಮಾರು ಎಂಬತ್ತು ವರ್ಷದ ನಂತರ, ಶೆಪರ್ಡ್ ಕಟ್ಟಿದ ಸಂಸ್ಥೆಯಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದ ವಿಲಿಯಂ ಅಡೇರ್ ಒಬ್ಬ ಯುವಕನಿಗೆ ಕಾಗದ ಬರೆದರು. ವಿಜ್ಞಾನದ ಲೇಖನಗಳಿಗೂ ಇದನ್ನೇ ಮಾಡಬಹುದಲ್ಲ ಎಂದು ಕೇಳಿದರು. ಆ ಯುವಕ ಯೂಜೀನ್ ಗಾರ್ಫೀಲ್ಡ್. ರಸಾಯನಶಾಸ್ತ್ರ ಓದಿ, ವೈದ್ಯಕೀಯ ಲೇಖನಗಳ ಸೂಚಿ ತಯಾರಿಸುವ ಯೋಜನೆಯಲ್ಲಿ ದುಡಿದವರು.

ಅವರ ಚಿಂತೆ ಏನಿತ್ತು ಅನ್ನುವುದು ಇಲ್ಲಿ ಬಹಳ ಮುಖ್ಯ. ಸಂಶೋಧನಾ ಜರ್ನಲ್‌ಗಳು ಶುರುವಾಗಿದ್ದು 1665ರಲ್ಲಿ, ಪ್ಯಾರಿಸ್ ಮತ್ತು ಲಂಡನ್‌ಗಳಲ್ಲಿ. ಮುಂದೆ ಅವು ಬೆಳೆದ ವೇಗವನ್ನು ಡೆರೆಕ್ ಪ್ರೈಸ್ ಎಂಬ ವಿದ್ವಾಂಸರು ಕಣ್ಣಾರೆ ಕಂಡರು. 1940ರ ದಶಕದ ಕೊನೆಯಲ್ಲಿ ಅವರು ಸಿಂಗಪುರದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಗ್ರಂಥಾಲಯದ ಕಟ್ಟಡ ಇನ್ನೂ ಮುಗಿದಿರಲಿಲ್ಲ. ಹಾಗಾಗಿ ಲಂಡನ್ ರಾಯಲ್ ಸೊಸೈಟಿಯ ಹಳೆಯ ಸಂಪುಟಗಳನ್ನು ಮನೆಗೆ ಒಯ್ದು, ಹತ್ತು ವರ್ಷಕ್ಕೊಂದು ರಾಶಿಯಂತೆ ಗೋಡೆಗೆ ಒತ್ತಿ ಪೇರಿಸಿದರು. ಮೊದಲ ರಾಶಿಗಳು ಗಿಡ್ಡ. ಆಮೇಲಿನವು ಒಂದಕ್ಕಿಂತ ಒಂದು ಎತ್ತರ. ವಿಜ್ಞಾನದ ಬರವಣಿಗೆ ಹತ್ತು ಹದಿನೈದು ವರ್ಷಕ್ಕೊಮ್ಮೆ ಎರಡು ಪಟ್ಟಾಗುತ್ತದೆ ಎಂಬ ಅವರ ಮಾತಿನ ಬೀಜ ಆ ಗೋಡೆಯ ಪಕ್ಕದಲ್ಲಿತ್ತು.

ಇಷ್ಟು ದೊಡ್ಡ ರಾಶಿಯಲ್ಲಿ ನನಗೆ ಬೇಕಾದದ್ದನ್ನು ಹುಡುಕುವುದು ಹೇಗೆ? ಗಾರ್ಫೀಲ್ಡ್ ಅವರ ಪ್ರಶ್ನೆ ಇಷ್ಟೇ. 1955ರಲ್ಲಿ ಅವರು 'ಸೈನ್ಸ್' ಪತ್ರಿಕೆಯಲ್ಲಿ ದಾರಿ ಸೂಚಿಸಿದರು. ಒಂದು ಲೇಖನವನ್ನು ಮುಂದೆ ಯಾರ್‍ಯಾರು ಉಲ್ಲೇಖಿಸಿದರು ಎಂದು ಪಟ್ಟಿ ಮಾಡಿದರೆ, ಒಂದು ವಿಚಾರ ಎಲ್ಲಿಂದ ಎಲ್ಲಿಗೆ ಹೋಯಿತು ಅನ್ನುವುದು ತಿಳಿಯುತ್ತದೆ. ಅದರಲ್ಲಿದ್ದ ತಪ್ಪನ್ನು ಯಾರಾದರೂ ತೋರಿಸಿದ್ದಾರಾ ಎಂಬುದೂ ಗೊತ್ತಾಗುತ್ತದೆ. ಈ ಪಟ್ಟಿ ಸೈನ್ಸ್ ಸೈಟೇಶನ್ ಇಂಡೆಕ್ಸ್ ಎಂಬ ಹೆಸರಿನಲ್ಲಿ 1960ರ ದಶಕದಲ್ಲಿ ಹೊರಬಂತು. ಅದಕ್ಕೆ ಜರ್ನಲ್‌ಗಳನ್ನು ಆರಿಸಲು ಅವರೂ ಇರ್ವಿಂಗ್ ಶೆರ್ ಅವರೂ ಸೇರಿ ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬ ಅಳತೆ ಮಾಡಿಕೊಂಡರು. ಒಂದು ಜರ್ನಲ್‌ನ ಹಿಂದಿನ ಎರಡು ವರ್ಷದ ಲೇಖನಗಳು ಈ ವರ್ಷ ಎಷ್ಟು ಸಲ ಉಲ್ಲೇಖವಾದವು ಎಂದು ಎಣಿಸಿ, ಲೇಖನಗಳ ಸಂಖ್ಯೆಯಿಂದ ಭಾಗಿಸುವುದು, ಅಷ್ಟೇ. ಅದು ಜರ್ನಲ್‌ನ ಅಳತೆ. ಬರೆದವರ ಅಳತೆ ಅಲ್ಲ.

ಪುಸ್ತಕಲೋಕವನ್ನು ಲೆಕ್ಕ ಹಾಕಿ ನೋಡುವ ಮಾತು ನಮ್ಮಲ್ಲೂ ಇತ್ತು. ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1948ರಲ್ಲೇ ಇಂಗ್ಲೆಂಡಿನ ಸಮ್ಮೇಳನವೊಂದರಲ್ಲಿ 'ಲೈಬ್ರಮೆಟ್ರಿ' ಎಂಬ ಶಾಖೆ ಬೇಕು ಅಂದಿದ್ದರು. ಅವರಿಗೂ ಬೇಕಿದ್ದದ್ದು ಗ್ರಂಥಾಲಯ ಓದುಗನಿಗೆ ಚೆನ್ನಾಗಿ ಒದಗುವುದು.

ಹುಡುಕುವ ಸಾಧನ ತೂಗುವ ತಕ್ಕಡಿಯಾಗಿದ್ದು ನಿಧಾನವಾಗಿ. ಸರ್ಕಾರಗಳು ಸಂಶೋಧನೆಗೆ ದೊಡ್ಡ ಮೊತ್ತ ಹಾಕತೊಡಗಿದವು. ಆ ಖರ್ಚನ್ನು ಎಲ್ಲ ದೇಶಗಳೂ ಒಂದೇ ರೀತಿ ಲೆಕ್ಕ ಇಡಲಿ ಎಂದು 1963ರಲ್ಲಿ ಇಟಲಿಯ ಫ್ರಾಸ್ಕಾಟಿಯಲ್ಲಿ ಕೈಪಿಡಿ ತಯಾರಾಯಿತು. ಭಾರತ ಜಿಡಿಪಿಯ ಸುಮಾರು 0.64 ಶೇಕಡಾ ಸಂಶೋಧನೆಗೆ ಕೊಡುತ್ತದೆ, ದಕ್ಷಿಣ ಕೊರಿಯಾ 5 ಶೇಕಡಾ ಆಸುಪಾಸು ಕೊಡುತ್ತದೆ ಎಂದು ನಾವು ಹೋಲಿಸುವುದು ಆ ಲೆಕ್ಕದಿಂದಲೇ. ಹಣ ಕೊಟ್ಟವರು ಫಲ ಏನು ಎಂದು ಕೇಳುತ್ತಾರೆ. ಅದು ತಪ್ಪೂ ಅಲ್ಲ. ಬ್ರಿಟನ್ 1986ರಲ್ಲಿ ವಿಶ್ವವಿದ್ಯಾಲಯಗಳ ಸಂಶೋಧನೆಯ ಮೌಲ್ಯಮಾಪನ ಶುರು ಮಾಡಿತು. 2003ರಲ್ಲಿ ಶಾಂಘೈನಿಂದ ಜಗತ್ತಿನ ವಿಶ್ವವಿದ್ಯಾಲಯಗಳ ರ್‍ಯಾಂಕಿಂಗ್ ಬಂತು. 2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಶ್ ಎಚ್-ಇಂಡೆಕ್ಸ್ ಕೊಟ್ಟರು. ತಲಾ ಹತ್ತು ಸಲವಾದರೂ ಉಲ್ಲೇಖವಾದ ಹತ್ತು ಲೇಖನ ನಿಮ್ಮವಿದ್ದರೆ ನಿಮ್ಮ ಎಚ್-ಇಂಡೆಕ್ಸ್ ಹತ್ತು. ಒಬ್ಬ ಮನುಷ್ಯನ ಜೀವಮಾನದ ದುಡಿಮೆ ಒಂದೇ ಅಂಕಿಯಲ್ಲಿ ಸಿಕ್ಕಿಬಿಟ್ಟಿತು.

ಈ ಅಲೆ ಕಲಬುರಗಿಗೆ ಬಂದದ್ದು ನನಗೆ ಚೆನ್ನಾಗಿ ನೆನಪಿದೆ. 2010ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ಎಪಿಐ ಎಂಬ ಅಂಕ ಪದ್ಧತಿ ತಂದಿತು. ಬಡ್ತಿ ಬೇಕಾದರೆ ಪೇಪರ್, ಅಂದರೆ ಸಂಶೋಧನಾ ಲೇಖನ ಬೇಕು, ಪೇಪರ್‌ಗೆ ಇಷ್ಟು ಅಂಕ. ನಾನಾಗ ಪದವಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದೆ. ವಾರಕ್ಕೆ ಹದಿನಾರು ಗಂಟೆ ಪಾಠ, ಪರೀಕ್ಷಾ ಕೆಲಸ ಬೇರೆ. ಪ್ರಯೋಗಾಲಯದಲ್ಲಿ ಇದ್ದದ್ದು ಹಳೆಯ ಮೈಕ್ರೋಸ್ಕೋಪುಗಳು. ಆಗ ಇಮೇಲ್‌ನಲ್ಲಿ ಒಂದು ಜರ್ನಲ್‌ನ ಆಹ್ವಾನ ಬಂತು. ಹೆಸರಿನಲ್ಲಿ 'ಇಂಟರ್‌ನ್ಯಾಷನಲ್' ಇತ್ತು, ಐಎಸ್‌ಎಸ್‌ಎನ್ ಎಂಬ ಜರ್ನಲ್ ಗುರುತಿನ ಸಂಖ್ಯೆಯೂ ಇತ್ತು. ನಾಲ್ಕು ಸಾವಿರ ರೂಪಾಯಿ ಕಟ್ಟಿದೆ. ಒಂಬತ್ತು ದಿನದಲ್ಲಿ ನನ್ನ ಲೇಖನ ಪ್ರಕಟವಾಯಿತು. ಯಾರೂ ಓದಿ ಒಂದು ಪ್ರಶ್ನೆ ಕೇಳಲಿಲ್ಲ. ಅದರಲ್ಲಿ ಒಂದು ಕೋಷ್ಟಕ ತಪ್ಪಿತ್ತು. ನನಗೆ ಗೊತ್ತಾದದ್ದು ಎರಡು ವರ್ಷದ ನಂತರ, ಕ್ಲಾಸಿನಲ್ಲಿ ಒಬ್ಬಳು ವಿದ್ಯಾರ್ಥಿನಿ ತೋರಿಸಿದಾಗ. ಅಂಕ ಮಾತ್ರ ಸಿಕ್ಕಿತ್ತು. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ.

ನನ್ನಂತೆ ಎಷ್ಟೋ ಜನ ಇದ್ದರು. 2013ರಲ್ಲಿ ಪತ್ರಕರ್ತ ಜಾನ್ ಬೊಹಾನನ್ ಬೇಕಂತಲೇ ತಪ್ಪು ತುಂಬಿದ ಪೇಪರನ್ನು 304 ಜರ್ನಲ್‌ಗಳಿಗೆ ಕಳಿಸಿದರು. 157 ಜರ್ನಲ್‌ಗಳು ಒಪ್ಪಿಕೊಂಡವು. ಅವರು ಪರೀಕ್ಷಿಸಿದ ಜರ್ನಲ್‌ಗಳಲ್ಲಿ ಸುಮಾರು ಮೂರನೇ ಒಂದು ಭಾಗ ಭಾರತದವು. 2018ರಲ್ಲಿ ಯುಜಿಸಿ ತಾನೇ ಒಪ್ಪಿದ್ದ ಜರ್ನಲ್‌ಗಳ ಪಟ್ಟಿಯಿಂದ 4,305 ಜರ್ನಲ್‌ಗಳನ್ನು ಕಿತ್ತುಹಾಕಬೇಕಾಯಿತು. ಇದು ನಮ್ಮ ದೇಶದ ಕಾಯಿಲೆ ಮಾತ್ರ ಅಲ್ಲ. ಚೀನಾದ ವಿಶ್ವವಿದ್ಯಾಲಯಗಳು ಹೆಸರಾಂತ ಜರ್ನಲ್‌ನ ಒಂದೇ ಪೇಪರ್‌ಗೆ 1,65,000 ಡಾಲರ್ ವರೆಗೂ ಬಹುಮಾನ ಕೊಟ್ಟದ್ದುಂಟು. 2020ರಲ್ಲಿ ಅಲ್ಲಿನ ಸರ್ಕಾರವೇ ಇದನ್ನು ನಿಲ್ಲಿಸಿ ಎಂದಿತು. 2023 ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 10,000ಕ್ಕೂ ಜಾಸ್ತಿ ಪೇಪರ್‌ಗಳನ್ನು ಹಿಂದಕ್ಕೆ ಪಡೆಯಲಾಯಿತು. ಪೇಪರ್ ಸಂಖ್ಯೆಯಲ್ಲಿ ಚೀನಾ, ಅಮೆರಿಕ ಬಿಟ್ಟರೆ ಈಗ ನಾವೇ. ಆ ಸುದ್ದಿ ಓದುವಾಗ ನನ್ನ ಆ ಒಂದು ಪೇಪರ್ ನೆನಪಾಗುತ್ತದೆ.

ಹಾಗಾದರೆ ಫಲವನ್ನು ಅಳೆಯಲು ಬೇರೆ ದಾರಿ ಇರಲಿಲ್ಲವೇ? ಇತ್ತು. ಗಾರ್ಫೀಲ್ಡ್ ತಮ್ಮ ಸೂಚಿ ಕಟ್ಟುತ್ತಿದ್ದ ಕಾಲದಲ್ಲೇ ಷಿಕಾಗೋದ ಅರ್ಥಶಾಸ್ತ್ರಜ್ಞ ಟ್ಸ್ವಿ ಗ್ರಿಲಿಕೆಸ್ ಮೆಕ್ಕೆಜೋಳದ ಹೈಬ್ರಿಡ್ ಬೀಜದ ಬೆನ್ನು ಹತ್ತಿದ್ದರು. ಯಾವ ರಾಜ್ಯದ ರೈತರು ಯಾವಾಗ ಬಿತ್ತಿದರು, ಇಳುವರಿ ಎಷ್ಟು ಏರಿತು ಎಂದು ಲೆಕ್ಕ ಹಾಕಿದರು. ಆ ಸಂಶೋಧನೆಗೆ ಹಾಕಿದ ಒಂದು ಡಾಲರ್ ವರ್ಷಕ್ಕೆ ಸುಮಾರು ಏಳು ಡಾಲರ್ ಪ್ರತಿಫಲ ಕೊಟ್ಟಿದೆ ಎಂದು 1958ರಲ್ಲಿ ಬರೆದರು. ಅವರು ಎಣಿಸಿದ್ದು ಪೇಪರ್‌ಗಳನ್ನಲ್ಲ, ಹೊಲಗಳನ್ನು.

ಇಂಥ ಎಣಿಕೆ ನಮ್ಮ ಎರೆಹೊಲಗಳಲ್ಲೂ ನಡೆದಿದೆ. ತೊಗರಿಗೆ ಬರುವ ನೆಟೆ ರೋಗ ಗೊತ್ತಲ್ವಾ? ಮಣ್ಣಿನಲ್ಲಿರುವ ಶಿಲೀಂಧ್ರ ಬೇರಿನಿಂದ ಏರುತ್ತದೆ. ಕಾಯಿ ಕಟ್ಟುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗುತ್ತದೆ. ಕಾಂಡ ಸೀಳಿದರೆ ಒಳಗೆ ಕಪ್ಪು ಗೆರೆ. ಒಮ್ಮೆ ಬಂದರೆ ವರ್ಷಗಟ್ಟಲೆ ಆ ನೆಲ ಬಿಡುವುದಿಲ್ಲ. ಬೀದರ್‌ನಿಂದ ಹೈದರಾಬಾದ್‌ಗೆ ಬಸ್ಸಿನಲ್ಲಿ ಹೋಗುವವರು ಪಟಾನ್‌ಚೆರುವಿನಲ್ಲಿ ಇಕ್ರಿಸ್ಯಾಟ್ ಎಂಬ ಕೃಷಿ ಸಂಶೋಧನಾ ಸಂಸ್ಥೆಯನ್ನು ನೋಡಿರುತ್ತೀರಿ. ಅಲ್ಲಿ ಆರಿಸಿದ ಐಸಿಪಿ 8863 ಎಂಬ ನೆಟೆ ತಡೆಯುವ ತಳಿ 1980ರ ದಶಕದಲ್ಲಿ 'ಮಾರುತಿ' ಎಂಬ ಹೆಸರಿನಲ್ಲಿ ಕರ್ನಾಟಕದ ರೈತರ ಕೈಗೆ ಬಂತು. ಒಬ್ಬರ ಹೊಲದಿಂದ ಇನ್ನೊಬ್ಬರ ಹೊಲಕ್ಕೆ ಬೀಜ ಹೋಯಿತು. ಆಮೇಲೆ ಸಂಸ್ಥೆಯ ಅರ್ಥಶಾಸ್ತ್ರಜ್ಞರು ರೈತರ ಬಳಿ ಹೋಗಿ ಯಾರು ಎಷ್ಟು ಬಿತ್ತಿದ್ದೀರಿ, ಏನು ಉಳಿಯಿತು ಎಂದು ಕೇಳಿ ಬರೆದುಕೊಂಡರು. 1996ರಲ್ಲಿ ಅವರ ವರದಿ ಬಂತು. 1990ರ ದಶಕದ ಮೊದಲ ವರ್ಷಗಳಿಗೇ ಆ ತಳಿ ಅಧ್ಯಯನ ಮಾಡಿದ ಪ್ರದೇಶದ ಅರ್ಧಕ್ಕಿಂತ ಜಾಸ್ತಿ ತೊಗರಿ ಹೊಲಗಳಲ್ಲಿತ್ತು.

ಇಂಥ ಲೆಕ್ಕಕ್ಕೆ ಹಣ ಬೇಕು, ಹತ್ತು ವರ್ಷ ಕಾಯುವ ತಾಳ್ಮೆಯೂ ಬೇಕು. ಪೇಪರ್ ಎಣಿಸಲು ಒಂದು ಮಧ್ಯಾಹ್ನ ಸಾಕು. ಅದಕ್ಕೇ ಅದು ಗೆದ್ದಿತು ಎಂದು ನನಗನಿಸುತ್ತದೆ.

ಗಾಳಿ ಈಗ ಸ್ವಲ್ಪ ತಿರುಗಿದೆ. ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಿ ಮನುಷ್ಯರನ್ನು ಅಳೆಯಬೇಡಿ ಎಂಬ ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆ 2013ರಲ್ಲಿ ಹೊರಬಿತ್ತು. ಬ್ರಿಟನ್ 2014ರ ಮೌಲ್ಯಮಾಪನದಲ್ಲಿ ಸಂಶೋಧನೆ ಜನಜೀವನದಲ್ಲಿ ಏನು ಬದಲಿಸಿತು ಎಂಬುದಕ್ಕೆ 20 ಶೇಕಡಾ ಅಂಕ ಇಟ್ಟಿತು, ಮುಂದಿನ ಸಲ 25. ನಮ್ಮಲ್ಲಿ 2022ರ ಯುಜಿಸಿ ನಿಯಮ ಪಿಎಚ್‌ಡಿಗೆ ಪೇಪರ್ ಪ್ರಕಟಿಸಲೇಬೇಕು ಎಂಬುದನ್ನು ಕೈಬಿಟ್ಟಿತು. ನನಗೆ ತುಂಬ ಖುಷಿ ಕೊಟ್ಟದ್ದು 2025ರ ಜನವರಿಯಲ್ಲಿ ಶುರುವಾದ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಶನ್'. ಜರ್ನಲ್‌ಗಳ ಚಂದಾವನ್ನು ಕೇಂದ್ರ ಸರ್ಕಾರವೇ ಕಟ್ಟುವ ಯೋಜನೆ ಅದು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, ಸುಮಾರು 13,000 ಜರ್ನಲ್, 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆ. ದೊಡ್ಡ ನಗರದ ಹುಡುಗರು ಓದುವ ಪೇಪರನ್ನೇ ನಮ್ಮ ಭಾಗದ ವಿಶ್ವವಿದ್ಯಾಲಯದ ಹುಡುಗಿಯೂ ಅದೇ ದಿನ ಓದುವುದಕ್ಕೆ ದಾರಿಯಾಯಿತು. ಗಾರ್ಫೀಲ್ಡ್ ಕಂಡ ಕನಸು ಇದೇ ಅಲ್ವಾ?

2022ರಲ್ಲಿ ಮಳೆ ಜಾಸ್ತಿಯಾಗಿ ಜಿಲ್ಲೆಯ ತೊಗರಿಯನ್ನು ನೆಟೆ ಮತ್ತೆ ಒಣಗಿಸಿತು. ಆ ಚಳಿಗಾಲ ಆಳಂದ ಕಡೆಯ ನಮ್ಮ ಕಾಕಾರ ಹೊಲದಲ್ಲಿ ನಿಂತು, ನೆಟೆಯ ಮೇಲೆ ಎಲ್ಲೆಲ್ಲಿ ಸಂಶೋಧನೆ ನಡೆದಿದೆ ಎಂದು ಹೇಳಲು ಹೋದೆ. ಕೈಯಲ್ಲಿ ಒಣಗಿದ ಗಿಡ ಹಿಡಿದೇ ಅವರು ಅಂದರು: "ಅದೆಲ್ಲ ಇರ್ಲಿ ತಮ್ಮಾ, ಬೀಜ ಎಲ್ಲಿ ಸಿಗತದ ಹೇಳು." ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದವರೇ ಬೆಳೆಸಿದ ಟಿಎಸ್-3ಆರ್ ತಳಿಯ ಹೆಸರು ಹೇಳಿದೆ. ಮುಂದಿನ ಮುಂಗಾರಿಗೆ ಎರಡು ಎಕರೆಯಲ್ಲಿ ಅದನ್ನೇ ಬಿತ್ತಿದರು. ಡಿಸೆಂಬರ್‌ನಲ್ಲಿ ನಾನೂ ಹೋಗಿ, ಅವರ ಜೊತೆ ಸಾಲು ಸಾಲಾಗಿ ನಡೆಯುತ್ತ ನಿಂತ ಗಿಡ ಎಷ್ಟು, ಒಣಗಿದ್ದು ಎಷ್ಟು ಎಂದು ಎಣಿಸಿ ನೋಟ್‌ಬುಕ್‌ನಲ್ಲಿ ಬರೆದುಕೊಂಡು ಬಂದೆ.