ಸ್ಕೂಬಾ ತರಬೇತಿಯ ಶುಲ್ಕದಲ್ಲಿ ನಾವು ಕೊಳ್ಳುವುದು ಬೋಧಕರ ಸಮಯವನ್ನು

ಮಳೆಗಾಲ ಕಳೆದು ಮುರುಡೇಶ್ವರದ ಸಮುದ್ರ ತಿಳಿಯಾಗುತ್ತಿದ್ದಂತೆ ಬಳ್ಳಾರಿ, ಕಂಪ್ಲಿ, ಸಿರುಗುಪ್ಪಗಳ ಯುವಕರು ನೇತ್ರಾಣಿ ದ್ವೀಪದ ಬಳಿ ಸ್ಕೂಬಾ, ಅಂದರೆ ಬೆನ್ನಿಗೆ ಕಟ್ಟಿದ ಸಿಲಿಂಡರಿನ ಗಾಳಿಯನ್ನು ಉಸಿರಾಡುತ್ತ ನೀರಿನಡಿ ಈಜುವುದನ್ನು, ಕಲಿಯುವ ಬಗ್ಗೆ ಅದನ್ನು ಕಲಿಸುವ ನನ್ನನ್ನು ವಿಚಾರಿಸುತ್ತಾರೆ. ಒಂದೇ ಹೆಸರಿನ ಕೋರ್ಸಿಗೆ ಒಂದೊಂದು ಕಡೆ ಒಂದೊಂದು ದರ ಏಕೆ ಎಂಬುದೇ ಅವರಲ್ಲಿ ಹೆಚ್ಚಿನವರ ಮೊದಲ ಪ್ರಶ್ನೆ. ಸಿಲಿಂಡರ್, ಬೋಟ್, ಪ್ರಮಾಣಪತ್ರಗಳ ಖರ್ಚು ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ದರ ಬಹಳ ಇಳಿದಿದ್ದರೆ ಬೋಧಕರು ಪ್ರತಿ ವಿದ್ಯಾರ್ಥಿಗೆ ಕೊಡುವ ಸಮಯಕ್ಕೆ ಕತ್ತರಿ ಬಿದ್ದಿದೆ ಎಂದೇ ನಾನು ಭಾವಿಸುತ್ತೇನೆ.

ಆ ಸಮಯದ ಬೆಲೆ ನಮ್ಮ ಭಾಗದವರ ವಿಷಯದಲ್ಲಿ ಎದ್ದು ಕಾಣುತ್ತದೆ. ಇಲ್ಲಿ ಅನೇಕರು ಈಜು ಕಲಿತಿರುವುದು ಬಾವಿಯಲ್ಲಿ, ಕಾಲುವೆಯಲ್ಲಿ, ತುಂಗಭದ್ರೆಯಲ್ಲಿ. ಉಸಿರು ಬಿಗಿಹಿಡಿದು ಮುಳುಗಿ ತಳದ ಕಲ್ಲನ್ನು ಎತ್ತಿ ತಂದವನೇ ನಮ್ಮಲ್ಲಿ ಗಟ್ಟಿ ಈಜುಗಾರ. ಸ್ಕೂಬಾದಲ್ಲಿ ಅದೇ ಅಭ್ಯಾಸ ಪ್ರಾಣಕ್ಕೆ ಎರವಾಗಬಲ್ಲದು. ಬಾವಿಯಲ್ಲಿ ಮುಳುಗುವವನು ಮೇಲಿನ ಗಾಳಿಯನ್ನೇ ಎದೆಯಲ್ಲಿ ತುಂಬಿಕೊಂಡು ಇಳಿಯುತ್ತಾನೆ. ಅದು ಆಳದಲ್ಲಿ ಕುಗ್ಗಿ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ. 10 ಮೀಟರ್ ಆಳದಲ್ಲಿ ಒಟ್ಟು ಒತ್ತಡ ಮೇಲ್ಮೈಯಲ್ಲಿರುವುದರ ಎರಡರಷ್ಟಿರುತ್ತದೆ. ಅಲ್ಲಿ ಸಿಲಿಂಡರಿನಿಂದ ಎದೆ ತುಂಬ ಎಳೆದುಕೊಂಡ ಗಾಳಿಯನ್ನು ಬಿಡದೆ ಮೇಲೇರಿದರೆ ಅದು ಇಮ್ಮಡಿ ಹಿಗ್ಗಲು ಹೋಗಿ ಶ್ವಾಸಕೋಶ ಹರಿಯಬಹುದು. ಉಸಿರು ಬಿಗಿಹಿಡಿಯಬಾರದೆಂಬ ಈ ನಿಯಮವನ್ನು ಹೇಳಿಕೊಡಲು ಎರಡು ನಿಮಿಷ ಸಾಕು. ಮಾಸ್ಕಿನೊಳಗೆ ನೀರು ನುಗ್ಗಿ ಗಾಬರಿಯಾದ ಗಳಿಗೆಯಲ್ಲೂ ಉಸಿರಾಟ ನಿಲ್ಲದಂತೆ ದೇಹವನ್ನು ಪಳಗಿಸಲು ಈಜುಕೊಳದಲ್ಲಿ ಗಂಟೆಗಳೇ ಬೇಕು. ನದಿಯನ್ನು ಈಜಿ ದಾಟುತ್ತಿದ್ದ ಕಂಪ್ಲಿಯ ಯುವಕರೊಬ್ಬರು ನನ್ನ ಬಳಿ ಮಾಸ್ಕಿನ ನೀರು ಹೊರಹಾಕುವ ಪಾಠದಲ್ಲಿ ಪ್ರತಿ ಬಾರಿಯೂ ಉಸಿರು ಕಟ್ಟುತ್ತಿದ್ದರು. ಎಂಟು ಜನರ ನಡುವೆ ಅದು ನನ್ನ ಕಣ್ಣಿಗೆ ಬೀಳುತ್ತಿತ್ತೋ ಇಲ್ಲವೋ, ಖಚಿತವಾಗಿ ಹೇಳಲಾರೆ. ಅಂದು ಇದ್ದದ್ದು ಮೂವರೇ ಆದ್ದರಿಂದ ತಿದ್ದಲು ಸಾಧ್ಯವಾಯಿತು.

ಸ್ಕೂಬಾ ಪ್ರಮಾಣಪತ್ರ ಕೊಡುವ ಪ್ಯಾಡಿ ಸಂಸ್ಥೆಯ ಓಪನ್ ವಾಟರ್ ಎಂಬ ಮೊದಲ ಹಂತದ ಕೋರ್ಸಿನಲ್ಲಿ ತೆರೆದ ನೀರಿಗೆ, ಅಂದರೆ ಈಜುಕೊಳದಿಂದಾಚೆ ಸಮುದ್ರದಂಥ ಕಡೆಗೆ, ಇಳಿಯುವಾಗ ಒಬ್ಬ ಬೋಧಕರಿಗೆ ಎಂಟು ವಿದ್ಯಾರ್ಥಿಗಳವರೆಗೆ ಅವಕಾಶವಿದೆ. ಅದು ದಾಟಬಾರದ ಮಿತಿಯೇ ಹೊರತು ಆದರ್ಶವಲ್ಲ. ಹೊಸಬರಿಗೆ ನಾಲ್ಕಕ್ಕಿಂತ ಹೆಚ್ಚು ಜನರ ತಂಡ ಬೇಡವೆಂಬುದು ನನ್ನ ಅಭಿಪ್ರಾಯ. ಇದೇ ಕೋರ್ಸಿನಲ್ಲಿ ತೆರೆದ ನೀರಿನ ನಾಲ್ಕು ಡೈವ್‌ಗಳಿದ್ದು, ದಿನಕ್ಕೆ ಮೂರಕ್ಕಿಂತ ಹೆಚ್ಚು ಮಾಡಿಸುವಂತಿಲ್ಲ. ಹಾಗಾಗಿ ಒಂದೇ ದಿನದಲ್ಲಿ ಈ ಪ್ರಮಾಣಪತ್ರ ಕೊಡಿಸುತ್ತೇವೆ ಎನ್ನುವವರಿಗೆ ಹಣ ಕೊಡಬೇಡಿ. ಬೋಧಕರು ಕೈಹಿಡಿದು ಕರೆದೊಯ್ಯುವ ಒಂದು ದಿನದ ಅನುಭವದ ಡೈವ್ ಬೇರೆಯೇ. ಅದರ ಆಳದ ಮಿತಿ 12 ಮೀಟರ್, ಖರ್ಚೂ ಕಡಿಮೆ, ಆದರೆ ಅದರಿಂದ ಸ್ವತಂತ್ರವಾಗಿ ಇಳಿಯುವ ಅರ್ಹತೆ ಬರುವುದಿಲ್ಲ. ಓಪನ್ ವಾಟರ್ ಮುಗಿಸಿದವರು ಜೊತೆಗಾರರೊಬ್ಬರೊಂದಿಗೆ 18 ಮೀಟರ್‌ವರೆಗೆ ತಾವಾಗಿಯೇ ಇಳಿಯಬಹುದು.

ಮುಂಗಡ ಕೊಡುವ ಮೊದಲು ತಂಡದಲ್ಲಿ ಎಷ್ಟು ಜನ, ಈಜುಕೊಳದ ಪಾಠ ಎಷ್ಟು ಹೊತ್ತು, ಒಂದು ಪಾಠ ಕೈಹತ್ತದಿದ್ದರೆ ಮತ್ತೊಂದು ದಿನ ಕೊಡುತ್ತಾರೆಯೇ ಎಂದು ಕೇಳಿ. ಬೋಧಕರ ಸದಸ್ಯತ್ವ ಸಂಖ್ಯೆಯನ್ನು ಪಡೆದು ಸಂಸ್ಥೆಯ ಜಾಲತಾಣದಲ್ಲಿ ಪರಿಶೀಲಿಸಿ. ಆಸ್ತಮಾ, ಹೃದಯದ ತೊಂದರೆ, ಕಿವಿಯ ಶಸ್ತ್ರಚಿಕಿತ್ಸೆಗಳ ಬಗ್ಗೆ ವಿಚಾರಿಸುವ ಆರೋಗ್ಯದ ಪ್ರಶ್ನಾವಳಿಯನ್ನು ಓದಲು ಬಿಡದೆ ಸಹಿ ಕೇಳುವವರಿದ್ದರೆ, ದರ ಎಷ್ಟೇ ಅಗ್ಗವಾಗಿರಲಿ, ಅಲ್ಲಿಂದ ಎದ್ದು ಬನ್ನಿ.

ಬಯಲುಸೀಮೆಯ ನಮಗೆ ಇನ್ನೊಂದು ಖರ್ಚೂ ಇದೆ. ಡೈವ್ ಮಾಡಿದ ದೇಹದಲ್ಲಿ ಹೆಚ್ಚುವರಿ ನೈಟ್ರೋಜನ್ ಕರಗಿರುತ್ತದೆ. ಕೂಡಲೇ ಗಾಳಿಯ ಒತ್ತಡ ಕಡಿಮೆಯಿರುವ ಎತ್ತರದ ಪ್ರದೇಶಕ್ಕೆ ಹೋದರೆ ಅದು ಗುಳ್ಳೆಗಟ್ಟಿ ಕೀಲುಗಳಿಗೂ ನರಗಳಿಗೂ ಹಾನಿ ಮಾಡಬಹುದು. ಒಂದು ಡೈವ್ ಆದ ಮೇಲೆ ಕನಿಷ್ಠ 12 ಗಂಟೆ, ಹಲವು ಡೈವ್‌ಗಳಾದರೆ 18 ಗಂಟೆ ವಿಮಾನ ಹತ್ತಬಾರದೆಂಬ ಸಲಹೆಗೆ ಇದೇ ಕಾರಣ. ಅರಬೈಲು ಘಟ್ಟ ಹತ್ತಿ ಯಲ್ಲಾಪುರ, ಹುಬ್ಬಳ್ಳಿ, ಕೊಪ್ಪಳದ ಮೇಲೆ ಬಳ್ಳಾರಿಗೆ ಮರಳುವ ನಮ್ಮ ದಾರಿಯಲ್ಲಿ ಹುಬ್ಬಳ್ಳಿಯೇ ಸಮುದ್ರಮಟ್ಟದಿಂದ 600 ಮೀಟರಿಗಿಂತ ಎತ್ತರದಲ್ಲಿದೆ. ಆದ್ದರಿಂದ ನನ್ನ ವಿದ್ಯಾರ್ಥಿಗಳಿಗೆ ಕೊನೆಯ ಡೈವ್ ಮುಗಿದ ರಾತ್ರಿ ಮುರುಡೇಶ್ವರದಲ್ಲೇ ಉಳಿಯಲು ಹೇಳಿ, ಆ ಕೊಠಡಿಯ ಬಾಡಿಗೆಯನ್ನೂ ಮೊದಲೇ ಲೆಕ್ಕಕ್ಕೆ ಸೇರಿಸಿ ತಿಳಿಸುತ್ತೇನೆ.